ಮೂರು ಕಡೆ ಬರೆದ ಒಂದೇ ಲೆಕ್ಕ: ಸಾಮಾನ್ಯ ಕೋಡನ್ನು ಒಂದೆಡೆಗೆ ತರುವ ಬಗೆ

ಬಟವಾಡೆಯ ದಿನ ಸದಸ್ಯೆಯೊಬ್ಬರು ತಮ್ಮ ಪಾಸ್ ಪುಸ್ತಕವನ್ನೂ ಬಟವಾಡೆ ಚೀಟಿಯನ್ನೂ ಕಾರ್ಯದರ್ಶಿಗಳ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರಂತೆ. "ಇದರಲ್ಲಿ 2,413 ಇದೆ, ಅದರಲ್ಲಿ 2,412 ಇದೆ. ಯಾವುದು ಸರಿ ಸ್ವಾಮಿ?" ಕಾರ್ಯದರ್ಶಿಗಳು ನನಗೆ ಫೋನ್ ಮಾಡಿದಾಗ ನಾನು ಊಟಕ್ಕೆ ಕೂತಿದ್ದೆ. ಒಂದು ರೂಪಾಯಿಗೆ ಇಷ್ಟು ಗದ್ದಲವೇ ಎಂದು ಅನ್ನಿಸಿದ್ದು ನಿಜ. ಆದರೆ ಹಾಲಿನ ಸಂಘದಲ್ಲಿ ಒಂದು ರೂಪಾಯಿ ಎಂದರೆ ಒಂದು ರೂಪಾಯಿ ಅಲ್ಲ. ಆ ಚೀಟಿ ಸಂಜೆಯೊಳಗೆ ಊರಿನ ಅರ್ಧ ಮನೆಗಳನ್ನು ಸುತ್ತಿ ಬರುತ್ತದೆ.

ನಾನು ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಸಣ್ಣ ತಂತ್ರಾಂಶ ಬರೆದುಕೊಡುವವನು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತೇನೆ. ಆ ಸಂಘಕ್ಕೆ ಕೊಟ್ಟಿದ್ದು ಮೂರು ಮಾಡ್ಯೂಲ್ (ತಂತ್ರಾಂಶದ ಬಿಡಿ ಭಾಗಗಳು): ಹಾಲು ಸಂಗ್ರಹಣೆ, ಬಟವಾಡೆ, ಪಶು ಆಹಾರ ಮಾರಾಟ. ಪಾಸ್ ಪುಸ್ತಕ ಮುದ್ರಿಸುವುದು ಮೊದಲನೆಯದು, ಚೀಟಿ ಕೊಡುವುದು ಎರಡನೆಯದು. ಆ ಸದಸ್ಯೆಯ ಹತ್ತು ದಿನದ ಹಾಲಿನ ಹಣ 2,412 ರೂಪಾಯಿ 50 ಪೈಸೆ. ಅದನ್ನು ಪೂರ್ಣ ರೂಪಾಯಿಗೆ ಹೊಂದಿಸುವ ಫಂಕ್ಷನ್, ಅಂದರೆ ಆ ಒಂದು ಕೆಲಸ ಮಾಡುವ ಕೋಡಿನ ತುಣುಕು, ಮೂರೂ ಮಾಡ್ಯೂಲ್‌ಗಳಲ್ಲಿ ಇತ್ತು. ಒಂದು ಕಡೆ ಬರೆದು, ಇನ್ನೆರಡು ಕಡೆ ನಾನೇ ಅಂಟಿಸಿದ್ದೆ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಕೆಲಸ.

ಅಂಟಿಸಿದ ದಿನ ಮೂರೂ ಒಂದೇ ಆಗಿದ್ದವು. ಪೈಥಾನ್ 2ರಲ್ಲಿ 'ರೌಂಡ್' ಎಂದರೆ ಅರ್ಧ ಬಂದಾಗ ಸೊನ್ನೆಯಿಂದ ದೂರಕ್ಕೆ ಸರಿಸುತ್ತಿತ್ತು: 2412.50 ಕೊಟ್ಟರೆ 2413. ಪೈಥಾನ್ 3ರಲ್ಲಿ ಅದೇ 'ರೌಂಡ್' ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ: 2412.50ಕ್ಕೆ 2412, 2413.50ಕ್ಕೆ 2414. ಪೈಥಾನ್ 2ರ ಕಾಲ 2020ರ ಆರಂಭಕ್ಕೆ ಮುಗಿಯಿತಲ್ಲ, ಆಗ ಎಲ್ಲವನ್ನೂ 3ಕ್ಕೆ ಒಯ್ದೆ. ಸಂಗ್ರಹಣೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬಿದ್ದು, 0.5 ಕೂಡಿಸಿ ದಶಮಾಂಶ ಕತ್ತರಿಸುವ ಉಪಾಯ ಮಾಡಿದೆ. ಪಶು ಆಹಾರದಲ್ಲಿ ಇನ್ನೂ ಅಚ್ಚುಕಟ್ಟಾಗಿರಲಿ ಎಂದು, ದಶಮಾಂಶಗಳನ್ನು ನಿಖರವಾಗಿ ಲೆಕ್ಕ ಹಾಕುವ 'ಡೆಸಿಮಲ್' ಲೈಬ್ರರಿ ಹಾಕಿದೆ. ಬಟವಾಡೆಯನ್ನು ಮರೆತೆ. ಎತ್ತು ಏರಿಗೆ, ಕೋಣ ನೀರಿಗೆ.

ಆ ಮೂರನ್ನು ಒಂದು ಮಾಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳು ಪೈಥಾನ್‌ನವು, ದಾರಿ ಬೇರೆ ಭಾಷೆಗಳಿಗೂ ಬಹುಮಟ್ಟಿಗೆ ಇದೇ.

ಮೊದಲು ಹುಡುಕಿ, ಆಮೇಲೆ ಫೋಲ್ಡರ್ ಮಾಡಿ

ಬಹಳ ಜನ ಮಾಡುವ ಮೊದಲ ಕೆಲಸವೆಂದರೆ 'ಯುಟಿಲ್ಸ್' ಎಂಬ ಹೆಸರಿನ ಕಡತವೊಂದನ್ನು ತೆರೆಯುವುದು. ನಾನೂ ಮಾಡಿದ್ದೇನೆ. ಆ ಹೆಸರು ಮನೆಯ ಅಟ್ಟದ ಹಾಗೆ; ಎಲ್ಲಿಡಬೇಕೆಂದು ತೋಚದ್ದೆಲ್ಲ ಅಲ್ಲಿಗೆ ಹೋಗುತ್ತದೆ, ಬೇಕಾದಾಗ ಯಾವುದೂ ಸಿಗುವುದಿಲ್ಲ. ಹಾಗಾಗಿ ಕಡತ ಆಮೇಲೆ. ಮೊದಲು ನಕಲುಗಳು ಎಲ್ಲೆಲ್ಲಿವೆ ಎಂದು ಪಟ್ಟಿ ಮಾಡಿ. ಕೋಡ್ ಗಿಟ್‌ನಲ್ಲಿದ್ದರೆ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಧನ ಅದು) ಅದರ 'ಗ್ರೆಪ್' ಎಂಬ ಹುಡುಕುವ ಆಜ್ಞೆ ಸಾಕು. ಆದರೆ ಫಂಕ್ಷನ್ನಿನ ಹೆಸರು ಹಿಡಿದು ಹುಡುಕಬೇಡಿ, ಏಕೆಂದರೆ ಅಂಟಿಸುವಾಗ ಹೆಸರು ಬದಲಾಗಿರುತ್ತದೆ. ಅದರ ಹೊಟ್ಟೆಯಲ್ಲಿರುವುದನ್ನು ಹುಡುಕಿ: 0.5, 'ರೌಂಡ್', 'ಸ್ಟ್ರಿಪ್', 'ರಿಪ್ಲೇಸ್'. ನಾನು ಹುಡುಕಿದಾಗ ಮೊತ್ತ ಹೊಂದಿಸುವುದು ಐದು ಕಡೆ ಸಿಕ್ಕಿತು. ಮೂರೇ ಎಂದುಕೊಂಡಿದ್ದೆ. ಹೆಸರು ಸ್ವಚ್ಛ ಮಾಡುವುದು ನಾಲ್ಕು ಕಡೆ, ಎಸ್‌ಎನ್‌ಎಫ್ (ಹಾಲಿನಲ್ಲಿರುವ ಕೊಬ್ಬಲ್ಲದ ಘನಾಂಶ) ಲೆಕ್ಕ ಎರಡು ಕಡೆ ಇದ್ದವು.

ಪಟ್ಟಿ ಕಾಗದದ ಮೇಲಿರಲಿ. ಒಂದೊಂದರ ಮುಂದೆಯೂ ಒಂದು ಪ್ರಶ್ನೆ ಬರೆದುಕೊಳ್ಳಿ: ನಾಳೆ ನಿಯಮ ಬದಲಾಗಿ ಇದನ್ನು ತಿದ್ದಿದರೆ, ಅದನ್ನೂ ತಿದ್ದಲೇಬೇಕೇ? ಹೌದಾದರೆ ಅವು ಒಂದೇ. ಅಲ್ಲವಾದರೆ, ಅಕ್ಷರಶಃ ಒಂದೇ ರೀತಿ ಕಂಡರೂ ಅವು ಬೇರೆ ಬೇರೆ.

ಸಂಗ್ರಹಣೆಯಲ್ಲೂ ಪಶು ಆಹಾರದಲ್ಲೂ ಮೂರು ಸಾಲಿನ ಒಂದು ಫಂಕ್ಷನ್ ಇತ್ತು: ಗಂಟೆ ಹನ್ನೆರಡಕ್ಕಿಂತ ಕಡಿಮೆಯಾದರೆ 'ಬೆಳಿಗ್ಗೆ', ಇಲ್ಲವಾದರೆ 'ಸಂಜೆ'. ಒಂದಕ್ಷರ ವ್ಯತ್ಯಾಸವಿರಲಿಲ್ಲ. ಕೈ ತುರಿಸಿತು. ಆದರೆ ಸಂಗ್ರಹಣೆಯಲ್ಲಿ ಅದು ಹಾಲು ಅಳೆದ ಹೊತ್ತು, ಪಶು ಆಹಾರದಲ್ಲಿ ದಾಸ್ತಾನು ಪುಸ್ತಕ ಮುಚ್ಚುವ ಹೊತ್ತು. ಸಂಘ ನಾಳೆ ಪಶು ಆಹಾರದ ಲೆಕ್ಕವನ್ನು ಮಧ್ಯಾಹ್ನ ಎರಡಕ್ಕೆ ಮುಚ್ಚುತ್ತೇವೆ ಎಂದರೆ ಹಸುಗಳೇನೂ ಹಾಲು ಕೊಡುವ ಹೊತ್ತು ಬದಲಿಸುವುದಿಲ್ಲ. ಆ ಎರಡನ್ನೂ ಹಾಗೆಯೇ ಬಿಟ್ಟೆ. ಮೂರು ಸಾಲು ಎರಡು ಕಡೆ ಇರುವುದರಿಂದ ಯಾರ ಗಂಟೂ ಹೋಗುವುದಿಲ್ಲ.

ಎಸ್‌ಎನ್‌ಎಫ್ ಇದಕ್ಕೆ ತಿರುವುಮುರುವು. ಒಂದು ಕಡೆ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ರೀಡಿಂಗ್‌ನ ಕಾಲು ಭಾಗಕ್ಕೆ ಫ್ಯಾಟ್‌ನ (ಕೊಬ್ಬಿನ ಶೇಕಡಾ ಪ್ರಮಾಣದ) 0.21 ಪಟ್ಟು ಮತ್ತು 0.36 ಕೂಡಿಸುವ ಸೂತ್ರವಿತ್ತು. ಇನ್ನೊಂದು ಕಡೆ ಅದೇ ಸೂತ್ರ, ಸಂಖ್ಯೆಗಳು ಮಾತ್ರ 0.25 ಮತ್ತು 0.44. ರೀಡಿಂಗ್ 28, ಫ್ಯಾಟ್ 4 ಇದ್ದರೆ ಮೊದಲನೆಯದರಲ್ಲಿ 8.20, ಎರಡನೆಯದರಲ್ಲಿ 8.44. ನೋಡಲು ಬೇರೆಯಾದರೂ ಇದು ಒಂದೇ ಲೆಕ್ಕ. ಸ್ಥಿರಾಂಕ ಮಾತ್ರ ಎಲ್ಲ ಕಡೆ ಒಂದೇ ಇರುವುದಿಲ್ಲ. ಇಂಥದ್ದನ್ನು ಒಂದು ಮಾಡಿ, ಆ ಎರಡು ಸಂಖ್ಯೆಗಳನ್ನು ಫಂಕ್ಷನ್ ಕರೆಯುವ ಕೋಡೇ ಕೊಡಲಿ. ಅವುಗಳಿಗೆ ಡಿಫಾಲ್ಟ್ ಬೆಲೆ (ಕೊಡದಿದ್ದಾಗ ತಾನಾಗಿ ಬಳಕೆಯಾಗುವ ಸಂಖ್ಯೆ) ಇಡಬೇಡಿ. ಇಟ್ಟರೆ ಹೊಸ ಸಂಘಕ್ಕೆ ಹಾಕುವ ದಿನ ಕೊಡಲು ಮರೆತೇ ಮರೆಯುತ್ತೀರಿ, ಕೋಡ್ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತದೆ.

ನಕಲುಗಳ ಜಗಳವನ್ನು ಹೊರಗೆ ತನ್ನಿ

ಒಂದೇ ಎಂದು ತೀರ್ಮಾನವಾದ ಮೇಲೂ ತಕ್ಷಣ ಬೆಸೆಯಬೇಡಿ. ಪ್ರತಿ ನಕಲಿಗೂ ಒಂದೇ ಮಾಹಿತಿ ಕೊಟ್ಟು, ಇಂದು ಅದು ಏನು ಉತ್ತರ ಕೊಡುತ್ತದೆಯೋ ಅದನ್ನು ಬರೆದುಕೊಳ್ಳಿ. ಸರಿಯೋ ತಪ್ಪೋ ಆಮೇಲಿನ ಮಾತು. ಮೊತ್ತ ಹೊಂದಿಸುವ ಮೂರು ಬಗೆಗಳಿಗೆ ನಾನು ಕೊಟ್ಟದ್ದು ನಾಲ್ಕು ಸಂಖ್ಯೆ. ಎರಡು ಋಣ ಸಂಖ್ಯೆಗಳು, ಏಕೆಂದರೆ ಪಶು ಆಹಾರದ ಸಾಲ ಹಾಲಿನ ಹಣಕ್ಕಿಂತ ಹೆಚ್ಚಾದಾಗ ಸದಸ್ಯರೇ ಬಾಕಿ ಕೊಡಬೇಕಾಗುತ್ತದೆ.

2412.50: ಬಟವಾಡೆ 2412, ಸಂಗ್ರಹಣೆ 2413, ಪಶು ಆಹಾರ 2413.
2413.50: ಮೂರರಲ್ಲೂ 2414.
−152.50: ಬಟವಾಡೆ −152, ಸಂಗ್ರಹಣೆ −152, ಪಶು ಆಹಾರ −153.
−152.70: ಬಟವಾಡೆ −153, ಸಂಗ್ರಹಣೆ −152, ಪಶು ಆಹಾರ −153.

ಈ ನಾಲ್ಕು ಸಾಲನ್ನು ಮೊಬೈಲ್‌ನಲ್ಲಿ ಕಳಿಸಿ, ಯಾವುದು ಸರಿ ಎಂದು ಕಾರ್ಯದರ್ಶಿಗಳನ್ನೇ ಕೇಳಿದೆ. ಇದು ನಾನು ತೀರ್ಮಾನಿಸುವ ಸಂಗತಿ ಅಲ್ಲ. ಅವರ ಉತ್ತರ ಸರಳವಾಗಿತ್ತು: "ಸರಿಯಾಗಿ ಐವತ್ತು ಪೈಸೆ ಬಂದರೆ ಸದಸ್ಯರಿಗೆ ಅನುಕೂಲವಾಗಲಿ. ಕೊಡುವಾಗಲೂ ಅಷ್ಟೇ, ವಸೂಲಿ ಮಾಡುವಾಗಲೂ ಅಷ್ಟೇ." ಅಂದರೆ 2413, 2414, −152, −153. ಮೇಲಿನ ಸಾಲುಗಳನ್ನು ಇನ್ನೊಮ್ಮೆ ನೋಡಿ. ಮೂರು ನಕಲುಗಳಲ್ಲಿ ಒಂದೂ ನಾಲ್ಕಕ್ಕೆ ನಾಲ್ಕು ಸರಿಯಿಲ್ಲ. ಅಚ್ಚುಕಟ್ಟೆಂದು ನಾನು ಬೆನ್ನು ತಟ್ಟಿಕೊಂಡಿದ್ದ ಪಶು ಆಹಾರದ ನಕಲೂ ಮೂರನೆಯ ಸಾಲಿನಲ್ಲಿ ಎಡವಿದೆ. ಚೆನ್ನಾಗಿ ಕಂಡ ಒಂದನ್ನು ಆರಿಸಿ ಉಳಿದವನ್ನು ಅಳಿಸಿದ್ದರೆ, ಒಂದೇ ತಪ್ಪನ್ನು ಮೂರೂ ಕಡೆ ಶಿಸ್ತಾಗಿ ಹಂಚಿದಂತಾಗುತ್ತಿತ್ತು.

ಪರಿಹಾರ ಪುಟ್ಟದು: 0.5 ಕೂಡಿಸಿದ ಮೇಲೆ ದಶಮಾಂಶ ಕತ್ತರಿಸುವ ಬದಲು ಕೆಳಗಿನ ಪೂರ್ಣಾಂಕಕ್ಕೆ, ಅಂದರೆ 'ಫ್ಲೋರ್'ಗೆ ಇಳಿಸುವುದು. −152.70ಕ್ಕೆ 0.5 ಕೂಡಿಸಿದರೆ −152.20. ಕತ್ತರಿಸಿದರೆ ಅದು ಸೊನ್ನೆಯ ಕಡೆಗೆ ಹೋಗಿ −152 ಆಗುತ್ತದೆ. ಫ್ಲೋರ್ ಮಾಡಿದರೆ −153. ಜೊತೆಗೆ ಇನ್ನೊಂದು ಬಿಗಿ ಮಾಡಿದೆ. ಈ ಫಂಕ್ಷನ್ 'ಫ್ಲೋಟ್' (ಯಂತ್ರ ದಶಮಾಂಶವನ್ನು ಅಂದಾಜಾಗಿ ಇಟ್ಟುಕೊಳ್ಳುವ ಬಗೆ) ಸಂಖ್ಯೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಕೊಟ್ಟರೆ ದೋಷವೆಂದು ನಿಲ್ಲುತ್ತದೆ. ಪೈಥಾನ್‌ಗೆ 2.675 ಅನ್ನು ಎರಡು ದಶಮಾಂಶಕ್ಕೆ ಹೊಂದಿಸಲು ಹೇಳಿ ನೋಡಿ, 2.67 ಎನ್ನುತ್ತದೆ, ಯಂತ್ರದೊಳಗೆ ಆ ಸಂಖ್ಯೆ 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರುತ್ತದೆ. ಡೆಸಿಮಲ್ ಬಳಸಿದರೂ ಫ್ಲೋಟ್‌ನಿಂದ ಅದನ್ನು ಹುಟ್ಟಿಸಿದರೆ ಆ ಕೊರತೆ ಜೊತೆಗೇ ಬರುತ್ತದೆ. ಹಣ ಅಕ್ಷರ ರೂಪದಲ್ಲಿ ಬರಲಿ, ಡೆಸಿಮಲ್ ಆಗಲಿ, ಮಧ್ಯೆ ಫ್ಲೋಟ್ ಸುಳಿಯದಿರಲಿ. ಹಂಚಿಕೊಳ್ಳುವ ಕೋಡಿನಲ್ಲಿ ಈ ಬಿಗಿ ಹಾಕುವುದು ಸುಲಭ, ಏಕೆಂದರೆ ಬಾಗಿಲು ಒಂದೇ.

ಕಾರ್ಯದರ್ಶಿಗಳು ಒಪ್ಪಿದ ಆ ನಾಲ್ಕು ಸಂಖ್ಯೆಗಳೇ ಹೊಸ ಫಂಕ್ಷನ್ನಿನ ಮೊದಲ ಪರೀಕ್ಷೆಗಳು. ಪೈಟೆಸ್ಟ್ ಎಂಬ ಪರೀಕ್ಷಾ ಸಾಧನದಲ್ಲಿ ಹಾಕಿಟ್ಟಿದ್ದೇನೆ.

ಜಾಗ, ಹೆಸರು, ದಿಕ್ಕು

ಈಗ ಫೋಲ್ಡರ್. ಮೂರು ಮಾಡ್ಯೂಲ್‌ಗಳ ಪಕ್ಕದಲ್ಲಿ ನಾಲ್ಕನೆಯದಾಗಿ ಒಂದು ಸಹಾಯಕ ಪ್ಯಾಕೇಜ್ (ಕೋಡ್ ಕಡತಗಳ ಕಟ್ಟು), ಅದರೊಳಗೆ ವಿಷಯಕ್ಕೊಂದು ಕಡತ: ಹಣ, ಹೆಸರು, ಹಾಲು. ಕಡತದ ಹೆಸರು ನೋಡಿದರೆ ಒಳಗೇನಿದೆ ಎನ್ನುವುದು ತಿಳಿಯಬೇಕು, ಏನಿರಬಾರದು ಎನ್ನುವುದೂ ತಿಳಿಯಬೇಕು. 'ಹಣ' ಎಂಬ ಕಡತದೊಳಗೆ ಯಾರೂ ದಿನಾಂಕದ ಫಂಕ್ಷನ್ ತುರುಕುವುದಿಲ್ಲ. ಪೈಥಾನ್ ತನ್ನದೇ ಲೈಬ್ರರಿಯಲ್ಲಿ ಬಳಸಿರುವ ಹೆಸರುಗಳನ್ನು ತಪ್ಪಿಸಿ. 'ಕ್ಯಾಲೆಂಡರ್' ಎಂದೋ 'ಸ್ಟ್ರಿಂಗ್' ಎಂದೋ ಕಡತ ಮಾಡಿದರೆ, ಆ ಫೋಲ್ಡರಿನ ಕಡತವನ್ನೇ ನೇರವಾಗಿ ಓಡಿಸಿದಾಗ ಅಸಲಿಗೆ ಬದಲು ನಿಮ್ಮದು ಇಂಪೋರ್ಟ್ ಆಗಿ, ಅಂದರೆ ಕೋಡಿನೊಳಗೆ ಬಂದು, ಸಂಬಂಧವೇ ಇಲ್ಲದ ಜಾಗದಲ್ಲಿ ದೋಷ ಕಾಣಿಸುತ್ತದೆ.

ಪೈಥಾನ್ 3ರಲ್ಲಿ ಫಂಕ್ಷನ್ನುಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ನಾನು ಒಂದು ವಾರ ಹಾಗೇ ಬರೆದೆ, ಓದಲು ಹಿತವಾಗಿತ್ತು. ಆದರೆ ಸಂಘದ ಕಂಪ್ಯೂಟರಿನಲ್ಲಿ ತುರ್ತಾಗಿ ಒಂದು ಸಾಲು ತಿದ್ದಬೇಕಾದಾಗ ಅಲ್ಲಿ ಕನ್ನಡ ಕೀಲಿಮಣೆ ಇರಲಿಲ್ಲ. ಮತ್ತೆ ಇಂಗ್ಲಿಷ್ ಅಕ್ಷರಗಳಿಗೆ ಮರಳಿದೆ.

ಹೆಸರಿಗಿಂತ ಮುಖ್ಯವಾದದ್ದು ದಿಕ್ಕು. ಮಾಡ್ಯೂಲ್‌ಗಳು ಸಹಾಯಕ ಪ್ಯಾಕೇಜನ್ನು ಇಂಪೋರ್ಟ್ ಮಾಡಿಕೊಳ್ಳಬಹುದು. ಸಹಾಯಕ ಪ್ಯಾಕೇಜ್ ಎಂದೂ ಮಾಡ್ಯೂಲ್‌ಗಳ ಕಡೆ ತಿರುಗಿ ನೋಡಬಾರದು. ಇದನ್ನು ನಾನು ಒಮ್ಮೆ ಮುರಿದೆ. ಹೆಸರು ಹೋಲಿಸುವ ಫಂಕ್ಷನ್‌ಗೆ ಸದಸ್ಯರ ಪಟ್ಟಿ ಬೇಕಿತ್ತು, ಪಟ್ಟಿ ಸಂಗ್ರಹಣೆಯಲ್ಲಿತ್ತು, ಅಲ್ಲಿಂದಲೇ ತರಿಸಿಕೊಂಡೆ. ಸಂಗ್ರಹಣೆಗೆ ಹೆಸರು ಬೇಕು, ಹೆಸರಿಗೆ ಸಂಗ್ರಹಣೆ ಬೇಕು. ಮಾಡ್ಯೂಲ್ ಇನ್ನೂ ಅರ್ಧವಷ್ಟೇ ಸಿದ್ಧವಾಗಿದೆ, ಬಹುಶಃ ಇಂಪೋರ್ಟ್ ವೃತ್ತಾಕಾರವಾಗಿದೆ ಎಂದು ಪೈಥಾನ್ ಕೈಚೆಲ್ಲಿತು. ಇಂಪೋರ್ಟ್ ಸಾಲನ್ನು ಫಂಕ್ಷನ್ನಿನ ಒಳಗೆ ಬಚ್ಚಿಟ್ಟರೆ ದೋಷ ಮಾಯವಾಗುತ್ತದೆ, ರೋಗ ಉಳಿಯುತ್ತದೆ. ಪಟ್ಟಿಯನ್ನು ಫಂಕ್ಷನ್‌ಗೆ ಆರ್ಗ್ಯುಮೆಂಟ್ (ಕರೆಯುವಾಗ ಒಪ್ಪಿಸುವ ಮಾಹಿತಿ) ಆಗಿ ಕೊಡಿ, ಗಂಟು ತಾನೇ ಬಿಚ್ಚಿಕೊಳ್ಳುತ್ತದೆ.

ಹೊನ್ನಮ್ಮ ಇಬ್ಬರಾದದ್ದು

ಹೆಸರಿನ ಕಡತದ ಕಥೆ ಸ್ವಲ್ಪ ಹೇಳಲೇಬೇಕು. ಕನ್ನಡದಲ್ಲಿ ಕೆಲಸ ಮಾಡುವ ಯಾರಿಗಾದರೂ ಈ ಸಹಾಯಕ ಫಂಕ್ಷನ್ ಒಂದಲ್ಲ ಒಂದು ದಿನ ಬೇಕಾಗುತ್ತದೆ.

ಪಟ್ಟಿಯಲ್ಲಿ 'ಹೊನ್ನಮ್ಮ' ಎಂಬ ಹೆಸರು ಎರಡು ಸಲ ಬಂತು. ಪರದೆಯ ಮೇಲೆ ಎರಡೂ ತದ್ರೂಪು, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಉದ್ದ (ಸಂಕೇತಗಳ ಸಂಖ್ಯೆ) ಕೇಳಿದರೆ ಒಂದಕ್ಕೆ 8 ಎಂದಿತು, ಇನ್ನೊಂದಕ್ಕೆ 9. 'ಹೊ'ನಲ್ಲಿರುವ ಒ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಸಂಕೇತ ಗೊತ್ತುಪಡಿಸುವ ಪದ್ಧತಿ) ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎ ಚಿಹ್ನೆ, ಅದರ ನಂತರ ಊ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಹಳೆಯ ಫಾಂಟ್‌ನಿಂದ ಯೂನಿಕೋಡ್‌ಗೆ ತಂದ ಪಟ್ಟಿಯಲ್ಲಿ ಎರಡನೆಯ ಬಗೆ ನುಸುಳಿತ್ತು. ಪೈಥಾನ್‌ನ 'ಯೂನಿಕೋಡ್‌ಡೇಟಾ' ಲೈಬ್ರರಿಯಲ್ಲಿ 'ನಾರ್ಮಲೈಸ್' ಎಂಬ ಫಂಕ್ಷನ್ ಇದೆ. ಅದಕ್ಕೆ ಎನ್‌ಎಫ್‌ಸಿ ಎಂಬ, ಬಿಡಿ ಸಂಕೇತಗಳನ್ನು ಕೂಡಿಸಿದ ರೂಪ ಕೇಳಿದರೆ ಎರಡೂ 8 ಆಗುತ್ತವೆ. ಸಂಗ್ರಹಣೆಯಲ್ಲಿ ಇದನ್ನು ಹಾಕಿದ್ದೆ, ಉಳಿದ ಮೂರು ನಕಲುಗಳಲ್ಲಿ ಹಾಕಿರಲಿಲ್ಲ. ಪಶು ಆಹಾರದ ಸಾಲ ಒಬ್ಬ ಹೊನ್ನಮ್ಮನ ಹೆಸರಿನಲ್ಲಿ, ಹಾಲಿನ ಹಣ ಇನ್ನೊಬ್ಬ ಹೊನ್ನಮ್ಮನ ಹೆಸರಿನಲ್ಲಿ.

ನಾಲ್ಕನ್ನೂ ಬೆಸೆಯುವಾಗ ಇನ್ನೊಂದು ಸಮಸ್ಯೆ ಎದುರಾಯಿತು. 'ರಾಜ್‌ಕುಮಾರ್' ಎಂಬ ಹೆಸರಿನ ಮಧ್ಯೆ, ಜ ಮತ್ತು ಕ ಒತ್ತಕ್ಷರವಾಗದಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತವೊಂದಿರುತ್ತದೆ. ಹೋಲಿಸುವಾಗ ಅದನ್ನು ತೆಗೆಯಬೇಕು, ಏಕೆಂದರೆ ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಮುದ್ರಿಸುವಾಗ ತೆಗೆಯಬಾರದು; ತೆಗೆದರೆ ಹೆಸರು ಕೆಡುತ್ತದೆ, ಸದಸ್ಯರು ಮುನಿಸಿಕೊಳ್ಳುತ್ತಾರೆ. ನಾನು ಒಂದೇ ಫಂಕ್ಷನ್ ಬರೆದು, ಅದಕ್ಕೆ ಹೌದು–ಅಲ್ಲ ಎಂಬ ಸ್ವಿಚ್ ಇಟ್ಟೆ. ಒಂದು ತಿಂಗಳಲ್ಲಿ ಸ್ವಿಚ್ ಮೂರಾದವು. ಕರೆಯುವ ಸಾಲಿನಲ್ಲಿ ಹೌದು, ಅಲ್ಲ, ಹೌದು ಎಂದು ಸಾಲಾಗಿ ನಿಂತಿದ್ದನ್ನು ನೋಡಿದರೆ ಬರೆದ ನನಗೇ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಒಡೆದು ಎರಡು ಮಾಡಿದೆ: ಹೋಲಿಕೆಗೊಂದು, ಮುದ್ರಣಕ್ಕೊಂದು. ಹಂಚಿಕೊಂಡ ಫಂಕ್ಷನ್‌ಗೆ ಎರಡನೆಯ ಸ್ವಿಚ್ ಸೇರಿಸಲು ಕೈ ಹೋದರೆ, ಅಲ್ಲೇ ನಿಲ್ಲಿಸಿ ಅದು ನಿಜಕ್ಕೂ ಒಂದೇ ಕೆಲಸವೇ ಎಂದು ನೋಡಿ.

ಬದಲಿಸುವುದು, ಅಳಿಸುವುದು, ತಲುಪಿಸುವುದು

ಕರೆಯುವ ಜಾಗಗಳನ್ನು ಒಂದೊಂದಾಗಿ ಬದಲಿಸಿ, ಪ್ರತಿ ಸಲವೂ ಪರೀಕ್ಷೆ ಓಡಿಸಿ, ಕಮಿಟ್ ಮಾಡಿ, ಅಂದರೆ ಗಿಟ್‌ನಲ್ಲಿ ದಾಖಲಿಸಿ. ಐದನ್ನೂ ಒಟ್ಟಿಗೆ ಬದಲಿಸಿದರೆ ಏನಾದರೂ ಕೆಟ್ಟಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ನಾನು ಹಿಂದಿನ ತಿಂಗಳ ಮೂರು ಬಟವಾಡೆಗಳನ್ನು ಹಳೆಯ ಕೋಡಿನಲ್ಲೂ ಹೊಸದರಲ್ಲೂ ಓಡಿಸಿ, ವ್ಯತ್ಯಾಸ ಬಂದ ಸಾಲುಗಳನ್ನಷ್ಟೇ ಮುದ್ರಿಸಿ ಕಾರ್ಯದರ್ಶಿಗಳಿಗೆ ಕೊಟ್ಟೆ. ಅವರು ಪ್ರತಿಯೊಂದರ ಮೇಲೂ ಹಸಿರು ಪೆನ್ನಿನಲ್ಲಿ ಗುರುತು ಹಾಕಿ ಹಿಂದಿರುಗಿಸಿದರು.

ಆಮೇಲೆ ಹಳೆಯ ನಕಲುಗಳನ್ನು ಅಳಿಸಿ. ಟಿಪ್ಪಣಿಯಾಗಿ ಬದಲಿಸಿ ಉಳಿಸಿಕೊಳ್ಳಬೇಡಿ, 'ಹಳೆಯದು' ಎಂದು ಹೆಸರಿಟ್ಟು ಇಟ್ಟುಕೊಳ್ಳಬೇಡಿ. ಬೇಕಾದರೆ ಗಿಟ್‌ನಲ್ಲಿ ಇದೆ. ಉಳಿಸಿಕೊಂಡ ನಕಲು ಮುಂದಿನ ವರ್ಷ ಯಾರಿಗೋ ಸಿಕ್ಕಿ, ಅವರು ಅದನ್ನೇ ಕರೆಯುತ್ತಾರೆ. ಆ ಯಾರೋ ಬಹುಮಟ್ಟಿಗೆ ನೀವೇ ಆಗಿರುತ್ತೀರಿ.

ಪ್ಯಾಕೇಜ್ ಎಲ್ಲಿದೆ ಎಂದು ಮಾಡ್ಯೂಲ್‌ಗಳಿಗೆ ತಿಳಿಸಲು ಪೈಥಾನ್ ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ ಕೋಡಿನೊಳಗಿಂದಲೇ ಸೇರಿಸುವವರಿದ್ದಾರೆ. ಆ ಸಾಲೂ ಮತ್ತೆ ಪ್ರತಿ ಕಡತದಲ್ಲಿ ನಕಲಾಗುತ್ತದೆ, ಅದು ಬೇಡ. ಪ್ಯಾಕೇಜ್‌ಗೆ ಅದರದೇ 'ಪೈಪ್ರಾಜೆಕ್ಟ್' ಕಡತ (ಪ್ಯಾಕೇಜಿನ ವಿವರ ಹೇಳುವಂಥದ್ದು) ಬರೆದು, ನಿಮ್ಮ ಯಂತ್ರದಲ್ಲಿ ಪಿಪ್ ಎಂಬ ಇನ್‌ಸ್ಟಾಲ್ ಸಾಧನದ ಮೂಲಕ 'ಎಡಿಟೆಬಲ್' ಬಗೆಯಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳಿ. ತಿದ್ದಿದ್ದು ಮತ್ತೆ ಇನ್‌ಸ್ಟಾಲ್ ಮಾಡದೆಯೇ ಮೂರೂ ಕಡೆ ಕಾಣುತ್ತದೆ.

ಸಂಘದ ಯಂತ್ರಗಳ ಮಾತು ಬೇರೆ. ಎಷ್ಟೋ ಕಡೆ ಇಂಟರ್ನೆಟ್ ನೆಚ್ಚುವಂತಿಲ್ಲ. ಪ್ಯಾಕೇಜನ್ನು 'ವೀಲ್' ಎಂಬ, ಇನ್‌ಸ್ಟಾಲ್‌ಗೆ ಸಿದ್ಧವಾದ ಒಂದೇ ಕಡತವಾಗಿ ಕಟ್ಟಿ ಪೆನ್ ಡ್ರೈವ್‌ನಲ್ಲಿ ಒಯ್ಯುತ್ತೇನೆ. ಅದಕ್ಕೆ ಆವೃತ್ತಿ ಸಂಖ್ಯೆ ಇರುತ್ತದೆ, ಪ್ರತಿ ಮಾಡ್ಯೂಲ್‌ನಲ್ಲೂ ತನಗೆ ಯಾವ ಆವೃತ್ತಿ ಬೇಕೆಂದು ಬರೆದಿರುತ್ತದೆ. ಫಂಕ್ಷನ್ನಿನ ಉತ್ತರವೇ ಬದಲಾದರೆ ಮೊದಲ ಅಂಕಿ ಏರಿಸುತ್ತೇನೆ, ಹೊಸದೇನಾದರೂ ಸೇರಿದರೆ ಎರಡನೆಯದು. ಪ್ರತಿ ವರದಿಯ ಅಡಿಯಲ್ಲೂ ಆ ಸಂಖ್ಯೆಯನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸುವುದು ನನ್ನ ರೂಢಿ. ಫೋನ್ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ "ಚೀಟಿಯ ಕೆಳಗಡೆ ಏನು ನಂಬರ್ ಇದೆ ಸಾರ್?" ಎಂಬುದೇ. ಅರ್ಧದಷ್ಟು ದೂರುಗಳು ಅಲ್ಲಿಗೇ ಬಗೆಹರಿಯುತ್ತವೆ.

ಹೊರಗಿನವರ ಸಣ್ಣ ಸಣ್ಣ ಪ್ಯಾಕೇಜ್‌ಗಳನ್ನು ತರಿಸಿಕೊಳ್ಳುವುದಕ್ಕೆ ನಾನು ಹಿಂಜರಿಯುತ್ತೇನೆ. 2016ರ ಮಾರ್ಚ್‌ನಲ್ಲಿ ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದಿಂದ 'ಲೆಫ್ಟ್‌ಪ್ಯಾಡ್' ಎಂಬ 11 ಸಾಲಿನ ಜಾವಾಸ್ಕ್ರಿಪ್ಟ್ ಪ್ಯಾಕೇಜನ್ನು ಅದರ ಲೇಖಕ ಹಿಂತೆಗೆದುಕೊಂಡಾಗ, ಅದನ್ನು ನೇರವಾಗಿ ಬಳಸದವರ ಯೋಜನೆಗಳೂ ಕಟ್ಟಲಾಗದೆ ನಿಂತವು. ಅಕ್ಷರಸಾಲಿನ ಎಡಕ್ಕೆ ಖಾಲಿ ಜಾಗ ತುಂಬುವ ಕೆಲಸ ಅದು. ಅಷ್ಟನ್ನು ಬರೆದುಕೊಳ್ಳಬಹುದು. ಲಕ್ಷ, ಕೋಟಿಯಂತೆ ಅಲ್ಪವಿರಾಮ ಹಾಕುವುದನ್ನು ನಾನೇ ಬರೆದುಕೊಂಡಿದ್ದೇನೆ. ಪೈಥಾನ್ ತಾನಾಗಿ ಹಾಕಿದರೆ 1,234,567 ಆಗುತ್ತದೆ, ಸಂಘದಲ್ಲಿ ಅದನ್ನು 12,34,567 ಎಂದು ಬರೆಯದಿದ್ದರೆ ಯಾರೂ ಓದುವುದಿಲ್ಲ. ಅದೂ 'ಹಣ' ಕಡತದಲ್ಲೇ ಇದೆ.

ಚೀಟಿ ಮುದ್ರಿಸುವ ಕೋಡ್ ಮಾತ್ರ ಇಂದಿಗೂ ಎರಡು ಕಡೆ ಇದೆ. ಒಂದು ಸಂಘದಲ್ಲಿ ಡಾಟ್ ಮ್ಯಾಟ್ರಿಕ್ಸ್, ಇನ್ನೊಂದರಲ್ಲಿ ಥರ್ಮಲ್ ಪ್ರಿಂಟರ್. ಮೇಲ್ನೋಟಕ್ಕೆ ಮುಕ್ಕಾಲು ಪಾಲು ಒಂದೇ, ಎರಡು ಸಲ ಬೆಸೆಯಲು ಹೊರಟು ಎರಡು ಸಲವೂ ಹಿಂದಿರುಗಿದ್ದೇನೆ. ಒಂದರ ಕಾಗದದ ಅಗಲ ಬದಲಾದಾಗ ಇನ್ನೊಂದನ್ನು ಮುಟ್ಟುವ ಅಗತ್ಯ ಇದುವರೆಗೆ ಒಮ್ಮೆಯೂ ಬಂದಿಲ್ಲ.